ನಕ್ಷೆಯ ನಡುವೆ ಖಾಲಿ ಜಾಗ: ಒಂದು ಅಪರೂಪದ ಅಡ್ಡಹೆಸರಿನ ಪ್ರಕರಣ

ಈ ಬರಹದಲ್ಲಿ ಆ ಅಡ್ಡಹೆಸರನ್ನು ಎಲ್ಲೂ ಬರೆದಿಲ್ಲ. ಅದನ್ನು ಇಟ್ಟುಕೊಂಡ ಮನೆಗಳು ತೀರಾ ಕಡಿಮೆ. ಹೆಸರು ಬರೆದರೆ ಸಾಕು, ಇದು ಯಾರ ಮನೆಯ ಮಾತು ಎಂದು ಗದಗ, ಬಾಗಲಕೋಟೆ ಕಡೆಯವರು ಯಾರಾದರೂ ಹೇಳಿಬಿಡುತ್ತಾರೆ. ಹಳ್ಳಿಗಳ ಹೆಸರನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹುಡುಕಾಟ ಯಾವ ದಾರಿಯಲ್ಲಿ ಹೋಯಿತು, ಎಲ್ಲಿ ತಿರುಗಿತು ಅನ್ನುವುದನ್ನು ಮಾತ್ರ ಬದಲಿಸಿಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಿನ ಬೇರು ಹುಡುಕಲು ಹೊರಟವರಲ್ಲಿ ಬಹಳ ಜನ ಮೊದಲ ಹೆಜ್ಜೆಯಲ್ಲೇ ಸಿಕ್ಕಿಕೊಳ್ಳುತ್ತಾರೆ, ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹೆಸರಿನ ಬಗ್ಗೆ ಇಷ್ಟು ಹೇಳಬಹುದು. ಅದರ ಕೊನೆ 'ಹಾಳ' ಎಂದಿದೆ. ಮುದ್ದೇಬಿಹಾಳದ ಹಾಗೆ.

ಮಾಸ್ತರ ಮನೆಯವರಿಗೆ ಗೊತ್ತಿದ್ದದ್ದು

ಈ ಹೆಸರಿನ ಬೇರು ಹುಡುಕಲು ನೆರವು ಕೇಳಿಕೊಂಡು ನನ್ನ ಹತ್ತಿರ ಬಂದವರು ಹುಬ್ಬಳ್ಳಿಯ ಒಬ್ಬ ನಿವೃತ್ತ ಹೈಸ್ಕೂಲ್ ಶಿಕ್ಷಕರು. ಇಲ್ಲಿ ಅವರನ್ನು ಮಾಸ್ತರು ಅಂತಲೇ ಕರೆಯುತ್ತೇನೆ. ಅವರ ಅಜ್ಜ ಗದಗ ಕಡೆಯ ಒಂದು ಹಳ್ಳಿ ಬಿಟ್ಟು ಹುಬ್ಬಳ್ಳಿಗೆ ಬಂದು ಅರಳೆ ವ್ಯಾಪಾರದವರ ಹತ್ತಿರ ಲೆಕ್ಕ ಬರೆಯುತ್ತಿದ್ದರು. ಆ ಹಳ್ಳಿಯಲ್ಲಿ ಇವತ್ತಿಗೂ ಸ್ವಲ್ಪ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಇದೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ಹೋದಾಗ ತೊಂದರೆ ಶುರುವಾಯಿತು. ಪಹಣಿಯಲ್ಲಿ ಹೆಸರಿಗೆ 'ಳ' ಇತ್ತು, ಆಧಾರ್ ಕಾರ್ಡಿನಲ್ಲಿ 'ಲ' ಇತ್ತು, ಪುಣೆಯಲ್ಲಿರುವ ತಮ್ಮನ ಕಾಗದಗಳಲ್ಲಿ ಹೆಸರಿನ ಬಾಲಕ್ಕೆ 'ಕರ್' ಸೇರಿಕೊಂಡಿತ್ತು. ಎಲ್ಲರೂ ಒಂದೇ ಮನೆಯವರು ಎಂದು ತೋರಿಸಲು ವಂಶವೃಕ್ಷ, ಅಫಿಡವಿಟ್ಟು ಎಲ್ಲ ಕೊಡಬೇಕಾಯಿತು. ಕೊಟ್ಟರು, ಖಾತೆ ಆಯಿತು. ಆದರೆ ಮಾಸ್ತರಿಗೆ ಪ್ರಶ್ನೆ ಹತ್ತಿಕೊಂಡಿತು. ಈ ಹೆಸರು ಬಂದದ್ದು ಎಲ್ಲಿಂದ? ಬೇರೆ ಯಾರಿಗೂ ಯಾಕಿಲ್ಲ?

ಮನೆಯಲ್ಲಿ ಮೂರು ಉತ್ತರ ಓಡಾಡುತ್ತಿದ್ದವು. ಹಿರಿಯರೊಬ್ಬರು ದೇಸಾಯರ ವಾಡೆಗೆ ಹಾಲು ಕೊಡುತ್ತಿದ್ದರು, ಅದರಿಂದ ಬಂತು ಅನ್ನುವುದು ಮೊದಲನೆಯದು. ಪುಣೆಯ ತಮ್ಮ ಮಾತ್ರ ನಾವು ಮೂಲದಲ್ಲಿ ಮಹಾರಾಷ್ಟ್ರದವರು, 'ಕರ್' ಅದಕ್ಕೆ ಸಾಕ್ಷಿ ಅನ್ನುತ್ತಿದ್ದ. ಮೂರನೆಯದನ್ನು ಮಗಳು ಅಂತರ್ಜಾಲದಿಂದ ತಂದಿದ್ದಳು. ಯಾವ ದೇಶದಲ್ಲಿ ಯಾವ ಅಡ್ಡಹೆಸರು ಎಷ್ಟು ಜನಕ್ಕಿದೆ ಎಂದು ಎಣಿಸಿ ತೋರಿಸುವ ಪುಟಗಳಿವೆಯಲ್ಲ, ಅಲ್ಲಿ ಇವರ ಹೆಸರು ಉತ್ತರ ಭಾರತದಲ್ಲೂ ಇದೆ ಎಂದು ಬಂದಿತ್ತು.

ಮೂರನೆಯದನ್ನು ಬೇಗ ಬಿಟ್ಟುಬಿಡಬಹುದು. ಅಂಥ ಪುಟಗಳು ಲೆಕ್ಕ ಹಿಡಿಯುವುದು ಇಂಗ್ಲಿಷ್ ಅಕ್ಷರದಲ್ಲಿ. ಇಂಗ್ಲಿಷಿನಲ್ಲಿ ಲ, ಳ ಎರಡೂ ಒಂದೇ. ಎಲ್ಲೋ ಬೇರೆ ಭಾಷೆಯ ಬೇರೆ ಹೆಸರು ಕಾಗದದ ಮೇಲೆ ಇದರ ಹಾಗೇ ಕಾಣುತ್ತದೆ ಅಷ್ಟೇ.

ಉಳಿದ ಎರಡು ಉತ್ತರ ಅಷ್ಟು ಸುಲಭಕ್ಕೆ ಹೋಗುವಂಥವಲ್ಲ. ಮನೆಯವರು ಅವನ್ನು ನಂಬಿ ಬೆಳೆದಿರುತ್ತಾರೆ. ನಮ್ಮ ಕಡೆ ಅಡ್ಡಹೆಸರಿಗೆ ಅರ್ಥ ಹುಡುಕುವ ಚಟಕ್ಕೆ ಕಾರಣವೂ ಇದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ, ಅಂಗಡಿ, ಬಡಿಗೇರ, ಕಂಬಾರ, ಕುಲಕರ್ಣಿ, ನಾಡಗೌಡ, ಹಿರೇಮಠ, ಹೀಗೆ ಸುತ್ತಮುತ್ತಲ ಹೆಸರುಗಳೆಲ್ಲ ಕೇಳಿದ ಕೂಡಲೇ ಅರ್ಥ ಬಿಟ್ಟುಕೊಡುತ್ತವೆ. ಕಸುಬು, ವತನ, ಮಾರುವ ಸಾಮಾನು, ಏನೋ ಒಂದು. ಹಾಗಿರುವಾಗ ತಮ್ಮ ಹೆಸರಿಗೆ ಅರ್ಥ ಕಾಣದಿದ್ದರೆ ಮನೆಯವರೇ ಒಂದು ಕಥೆ ಕಟ್ಟಿಕೊಳ್ಳುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ. ಮಕ್ಕಳು ಕೇಳಿದಾಗ ಏನಾದರೂ ಹೇಳಬೇಕಲ್ಲ, ಅದಕ್ಕೆ.

ಅರ್ಥ ಬಿಟ್ಟು ಕಾಗದ ಹಿಡಿದದ್ದು

ಮೊದಲ ತೀರ್ಮಾನ ಇದೇ ಆಗಿತ್ತು: ಹೆಸರಿನ ಅರ್ಥ ಏನು ಅನ್ನುವ ಪ್ರಶ್ನೆಯನ್ನು ಪೂರ್ತಿ ಬದಿಗಿಡುವುದು. ಅದರ ಬದಲು ಅತ್ಯಂತ ಹಳೆಯ ಕಾಗದದಲ್ಲಿ ಹೆಸರು ಹೇಗಿದೆ ಅಂತ ನೋಡುವುದು.

ಮಾಸ್ತರ ಮನೆಯ ಟ್ರಂಕಿನಲ್ಲಿ ಅಜ್ಜನ ಶಾಲೆ ಬಿಟ್ಟ ಸರ್ಟಿಫಿಕೇಟು ಇತ್ತು. ಹೊಲದ ಹಕ್ಕು ಬದಲಾವಣೆಯ ಹಳೆಯ ನಕಲು ಇತ್ತು. ಮುಂಬೈ ಪ್ರಾಂತದ ಕಾಲದ ಕಾಗದಗಳು. ಕನ್ನಡದಲ್ಲಿ ಬರೆದ ಎಲ್ಲದರಲ್ಲೂ 'ಳ' ಸ್ಪಷ್ಟವಾಗಿತ್ತು. 'ಲ' ಮೊದಲು ಕಾಣಿಸಿದ್ದು ಇಂಗ್ಲಿಷಿನಲ್ಲಿ ತುಂಬಿದ ಅರ್ಜಿಯನ್ನು ಕಂಪ್ಯೂಟರ್ ತಿರುಗಿ ಕನ್ನಡಕ್ಕೆ ತಂದ ಮೇಲೆ. ಅಂದರೆ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ 'ಳ' ಕಳೆದುಹೋಯಿತು, ವಾಪಸು ಬರುವಾಗ 'ಲ' ಆಗಿ ಬಂತು. ಹಾಲಿನ ಕಥೆ ಹೇಳುತ್ತಿದ್ದವರೆಲ್ಲ ಇಂಗ್ಲಿಷಿನಲ್ಲಿ ಸಹಿ ಹಾಕುವ ತಲೆಮಾರಿನವರು. ಅಜ್ಜನ ತಲೆಮಾರಿನ ಒಬ್ಬ ಮುದುಕಿ ಇನ್ನೂ ಇದ್ದರು, ಅವರು ಆ ಕಥೆಯನ್ನೇ ಕೇಳಿರಲಿಲ್ಲ.

'ಕರ್' ಕಥೆಯೂ ಹಾಗೇ ಬಿಚ್ಚಿಕೊಂಡಿತು. ತಮ್ಮನಿಗೆ ಅದು ಬಂದದ್ದು ಚಿಕ್ಕಪ್ಪನಿಂದ, ಚಿಕ್ಕಪ್ಪನಿಗೆ ಬಂದದ್ದು ಸೊಲ್ಲಾಪುರದಲ್ಲಿ ರೈಲ್ವೆ ಕೆಲಸಕ್ಕೆ ಸೇರಿದ ಮೇಲೆ. ಅದಕ್ಕಿಂತ ಹಿಂದಿನ ಒಂದೇ ಒಂದು ಕಾಗದದಲ್ಲೂ ಇಲ್ಲ. ಮರಾಠಿ ಮಾತನಾಡುವವರ ನಡುವೆ ಊರಿನ ಹೆಸರಿಗೆ 'ಕರ್' ಹಚ್ಚಿ ಕರೆಯುವುದು ರೂಢಿ. ಆದರೆ ಇಲ್ಲೊಂದು ಸುಳಿವು ಅಡಗಿತ್ತು. ಸೊಲ್ಲಾಪುರದವರು ಈ ಹೆಸರನ್ನು ಕೇಳಿದ ಕೂಡಲೇ ಅದನ್ನು ಊರಿನ ಹೆಸರು ಎಂದುಕೊಂಡಿದ್ದರು. ಮನೆಯವರಿಗೆ ಹೊಳೆಯದ್ದು ಹೊರಗಿನವರ ಕಿವಿಗೆ ಹೊಳೆದಿತ್ತು.

ಮನೆಗಳನ್ನು ನಕ್ಷೆಯ ಮೇಲೆ ಇಟ್ಟದ್ದು

ಊರಿನ ಹೆಸರಾದರೆ ಆ ಊರು ಎಲ್ಲಿ? ಮಾಸ್ತರಿಗೆ ಗೊತ್ತಿದ್ದ ಯಾವ ನಕ್ಷೆಯಲ್ಲೂ ಅಜ್ಜನ ಹಳ್ಳಿಯ ಹತ್ತಿರ ಅಂಥ ಊರಿರಲಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಅದೇ ಹೆಸರಿನ ಒಂದು ಹಳ್ಳಿ ಇದೆ, ಜನ ತುಂಬಿದ, ಬಸ್ಸು ಹೋಗುವ ಊರು. ಅಷ್ಟಕ್ಕೇ ಮುಗಿಸಿಬಿಡೋಣ ಎಂದು ಮನೆಯಲ್ಲಿ ಕೆಲವರು ಹೇಳಿದರು. ಹೆಸರು ಹೊಂದುತ್ತದೆ, ಊರು ಇದೆ, ಇನ್ನೇನು ಬೇಕು ಅಂತ.

ಬೇಡ ಅಂದೆವು. ಹೆಸರು ಹೊಂದಿದರೆ ಸಾಲದು, ಹರಡಿಕೆಯೂ ಹೊಂದಬೇಕು. ಹಾಗಾಗಿ ಈ ಅಡ್ಡಹೆಸರಿನ ಮನೆಗಳು ಎಲ್ಲೆಲ್ಲಿ ಇವೆ ಎಂದು ಒಂದೊಂದಾಗಿ ಸೇರಿಸಲು ಶುರು ಮಾಡಿದೆವು.

ಇದಕ್ಕೆ ನಮ್ಮ ಕಡೆ ಒಳ್ಳೆಯ ಸಾಮಗ್ರಿ ಸಿಗುತ್ತದೆ, ಜನ ಅದನ್ನು ಸಾಮಗ್ರಿ ಎಂದು ನೋಡುವುದಿಲ್ಲ ಅಷ್ಟೇ. ಮತದಾರರ ಪಟ್ಟಿ ಭಾಗವಾರು, ಕನ್ನಡದಲ್ಲಿ ಸಿಗುತ್ತದೆ, ಹಳೆಯ ಮುಂಬೈ ಕರ್ನಾಟಕದ ಪಟ್ಟಿಗಳಲ್ಲಿ ಅಡ್ಡಹೆಸರು ಸಾಮಾನ್ಯವಾಗಿ ಇರುತ್ತದೆ. ಗುಡಿಗಳ ಗೋಡೆ ಮೇಲಿನ ದೇಣಿಗೆ ಫಲಕಗಳಿವೆ. ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಲಗ್ನಪತ್ರಿಕೆ. ಒಂದು ಹಳೆಯ ಲಗ್ನಪತ್ರಿಕೆಯ ಕೆಳಗಡೆ 'ಸುಖಾಗಮನ ಬಯಸುವವರು' ಎಂದು ಬರುವ ಸಾಲುಗಳಲ್ಲಿ ಬೀಗರು, ಅಣ್ಣತಮ್ಮಂದಿರು, ಸೋದರಮಾವಂದಿರು ಎಲ್ಲರೂ ಅಡ್ಡಹೆಸರು, ಊರಿನ ಸಮೇತ ನಿಂತಿರುತ್ತಾರೆ. ಮೇಲ್ಗಡೆ ಮನೆದೇವರ ಹೆಸರು ಇರುತ್ತದೆ. ಒಂದೇ ಹಾಳೆಯಲ್ಲಿ ಒಂದು ಮನೆತನದ ನಂಟಿನ ನಕ್ಷೆ. ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ.

ಮನೆಗಳು ಬೆರಳೆಣಿಕೆಯಿಂದ ಸ್ವಲ್ಪ ಮೇಲೆ ಹೋದವು, ಅಷ್ಟೇ. ಆದರೆ ಅವನ್ನು ನಕ್ಷೆಯ ಮೇಲೆ ಇಟ್ಟಾಗ ಎರಡು ಗುಂಪು ಕಂಡವು. ಒಂದು ಚಿಕ್ಕ ಗುಂಪು ವಿಜಯಪುರದ ಆ ಹಳ್ಳಿಯ ಆಚೀಚೆ. ಇನ್ನೊಂದು, ದೊಡ್ಡದು, ಮಲಪ್ರಭೆ ಮತ್ತು ಬೆಣ್ಣಿಹಳ್ಳದ ನಡುವಿನ ಎರಿ ಭೂಮಿಯಲ್ಲಿ. ನರಗುಂದ, ರೋಣ, ಬಾದಾಮಿ ಕಡೆಯ ಊರುಗಳಲ್ಲಿ ಒಂದೊಂದು, ಎರಡೆರಡು ಮನೆ. ಮಾಸ್ತರ ಅಜ್ಜನ ಹಳ್ಳಿ ಈ ಎರಡನೆಯ ಗುಂಪಿನದು. ಎರಡು ಗುಂಪುಗಳ ನಡುವೆ ಬಹಳ ದೂರ, ನಡುವೆ ಒಂದೂ ಮನೆ ಇಲ್ಲ. ಒಬ್ಬರಿಂದ ಇನ್ನೊಬ್ಬರು ಹುಟ್ಟಿದ್ದರೆ ದಾರಿಯಲ್ಲಿ ಎಲ್ಲಾದರೂ ಒಂದು ಮನೆ ಉಳಿದಿರಬೇಕಿತ್ತು, ಅಲ್ವಾ?

ದೊಡ್ಡ ಗುಂಪಿನ ಆಕಾರ ನೋಡಿದಾಗ ಕಣ್ಣಿಗೆ ಬಿದ್ದದ್ದು ಅದರ ನಡು. ಮನೆಗಳು ಬಳೆಯ ಹಾಗೆ ಸುತ್ತ ಕೂತಿದ್ದವು, ಒಳಗಡೆ ಖಾಲಿ.

ಇದು ವಿಚಿತ್ರ ಅನಿಸಬಹುದು, ಆದರೆ ಊರಿನಿಂದ ಬಂದ ಅಡ್ಡಹೆಸರು ಹೀಗೇ ಇರಬೇಕು. ಒಂದು ಊರಿನಲ್ಲೇ ಇರುವವರನ್ನು ಆ ಊರಿನ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಅಲ್ಲಿ ಎಲ್ಲರೂ ಅದೇ ಊರಿನವರು. ಊರು ಬಿಟ್ಟು ಇನ್ನೊಂದು ಕಡೆ ನೆಲೆಸಿದ ಮೇಲೆ ಅಲ್ಲಿಯವರು ಹಳೆಯ ಊರು ಹಿಡಿದು ಕರೆಯುತ್ತಾರೆ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಎಂ.ಎಂ. ಕಲಬುರ್ಗಿ ಹುಟ್ಟಿದ್ದು ಸಿಂದಗಿ ತಾಲೂಕಿನಲ್ಲಿ. ಆಮೇಲೆ ಶಾಲೆಯ ರಿಜಿಸ್ಟರು, ಕೋರ್ಟು, ಕಂದಾಯದ ಕಾಗದ ಎಲ್ಲದಕ್ಕೂ ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು ಎಂದು ಮೂರು ಬರೆಯುವ ಮುಂಬೈ ಪ್ರಾಂತದ ರೂಢಿ ಬಂದಾಗ ಬಾಯಿಮಾತಿನ ಗುರುತು ಅಚ್ಚಾಗಿ ಕೂತಿತು.

ಹಾಗಾಗಿ ಇಂಥ ಹೆಸರಿಗೆ ಮನೆಗಳು ಜಾಸ್ತಿ ಇರುವ ಊರನ್ನು ಮೂಲ ಅಂದುಕೊಂಡರೆ ದಾರಿ ತಪ್ಪುತ್ತದೆ. ಮನೆಗಳ ನಡುವಿನ ಖಾಲಿ ಜಾಗ ಎಲ್ಲಿದೆ ಅಂತ ನೋಡಬೇಕು.

ಎಣಿಕೆಯಲ್ಲಿ ಯಾರನ್ನು ಸೇರಿಸುವುದು

ಈ ಪ್ರಕರಣ ನಿಜವಾಗಿ ತಿರುಗಿದ್ದು ಇಲ್ಲಿ.

ಮಾಸ್ತರ ಮನೆಯವರು ಲಿಂಗಾಯತರು. ಅವರು ಸೇರಿಸಿಕೊಂಡು ಬಂದ ಮೊದಲ ಪಟ್ಟಿಯಲ್ಲಿ ಲಿಂಗಾಯತರ ಮನೆಗಳು ಮಾತ್ರ ಇದ್ದವು. ಮತದಾರರ ಪಟ್ಟಿಯಲ್ಲಿ ಹುಡುಕಿದಾಗ ಅದೇ ಬಳೆಯ ಸುತ್ತಿನಲ್ಲಿ ಅದೇ ಅಡ್ಡಹೆಸರಿನ ಕುರುಬರ ಮನೆಗಳು ಸಿಕ್ಕವು, ಒಂದು ಮುಸ್ಲಿಂ ಮನೆಯೂ ಸಿಕ್ಕಿತು. ಮಾಸ್ತರ ಅಣ್ಣನ ಮಗ ಅವನ್ನು ಪಟ್ಟಿಯಿಂದ ತೆಗೆದುಬಿಟ್ಟ. "ಅವರು ನಮ್ಮವರಲ್ಲ, ಸುಮ್ನೆ ಹೆಸರು ಹೊಂದಿದೆ" ಅನ್ನುವುದು ಅವನ ವಾದ.

ಆ ಮಾತಿನಲ್ಲೇ ಉತ್ತರ ಇತ್ತು. ಒಂದು ಅಡ್ಡಹೆಸರು ಒಂದೇ ಜಾತಿಯಲ್ಲಿ, ಒಂದೇ ಬೆಡಗಿನಲ್ಲಿ (ಗೋತ್ರದ ಹಾಗಿನ ಕುಲದ ಗುಂಪು) ಸಿಕ್ಕರೆ ಅದು ಮನೆತನದ್ದಾಗಿರಬಹುದು, ಕಸುಬಿನದ್ದಾಗಿರಬಹುದು, ಊರಿನದ್ದೂ ಆಗಿರಬಹುದು, ಬೇರೆ ಮಾಡುವುದು ಕಷ್ಟ. ಆದರೆ ಅಪರೂಪದ ಹೆಸರೊಂದು ಸಣ್ಣ ಪ್ರದೇಶದೊಳಗೆ ಮೂರು ಬೇರೆ ಬೇರೆ ಸಮುದಾಯಗಳಲ್ಲಿ ಸಿಕ್ಕರೆ ರಕ್ತಸಂಬಂಧದಿಂದ ಅದನ್ನು ವಿವರಿಸಲು ಆಗುವುದಿಲ್ಲ. ಹಾಲು ಕೊಟ್ಟವರ ಕಥೆಯೂ ಸಾಲುವುದಿಲ್ಲ. ಇವರೆಲ್ಲರಿಗೂ ಸಾಮಾನ್ಯವಾಗಿ ಇರಬಲ್ಲದ್ದು ಒಂದೇ, ಊರು. ಹುಬ್ಬಳ್ಳಿ, ಧಾರವಾಡ ಅನ್ನುವ ಅಡ್ಡಹೆಸರುಗಳು ಹಿಂದೂಗಳಲ್ಲೂ ಮುಸ್ಲಿಮರಲ್ಲೂ ಇರುವುದು ಇದೇ ಕಾರಣಕ್ಕೆ.

ಮಾಸ್ತರಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು. ಅವರು ಹುಡುಕುತ್ತಿದ್ದದ್ದು ತಮ್ಮ ಮನೆತನದ ಮೂಲಪುರುಷನನ್ನು, ಸಿಗುತ್ತಿದ್ದದ್ದು ಒಂದು ಊರಿನ ಜನ. ಆದರೂ ಅವರೇ ಆ ಮನೆಗಳನ್ನು ವಾಪಸು ಪಟ್ಟಿಗೆ ಸೇರಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ದೊಡ್ಡ ತೀರ್ಮಾನ ಅದು. ಹಾಗೆ ಮಾಡದಿದ್ದರೆ ಬಳೆಯ ಪೂರ್ವ ಭಾಗವೇ ಕಾಣುತ್ತಿರಲಿಲ್ಲ, ಯಾಕೆಂದರೆ ಆ ಕಡೆ ಇದ್ದವು ಬಹುಪಾಲು ಕುರುಬರ ಮನೆಗಳು. ಡಿಎನ್ಎ ಪರೀಕ್ಷೆ ಮಾಡಿಸೋಣವೇ ಎಂದು ಮಗಳು ಕೇಳಿದ್ದಳು. ಹೆಸರು ರಕ್ತದಲ್ಲಿ ಬಂದಿಲ್ಲ ಎಂದ ಮೇಲೆ ಅದು ಈ ಪ್ರಶ್ನೆಗೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಖಾಲಿ ಜಾಗದ ಬಗ್ಗೆ ಇಲ್ಲೇ ಹೇಳಬೇಕು. ತುಂಗಭದ್ರೆಯ ದಕ್ಷಿಣಕ್ಕೆ ನಮ್ಮ ನಕ್ಷೆ ಪೂರ್ತಿ ಬರಿದಾಗಿತ್ತು. ಇದನ್ನು ನೋಡಿ ಈ ಜನ ನದಿ ದಾಟಲೇ ಇಲ್ಲ ಎಂದು ಬರೆದುಬಿಡುವುದು ಸುಲಭ. ಆದರೆ 1956ರವರೆಗೆ ಆ ನದಿಯ ಆಚೆ ಬೇರೆ ಆಡಳಿತ, ಬೇರೆ ರೂಢಿ. ಹಳೆಯ ಮೈಸೂರಿನಲ್ಲಿ ಊರಿನ ಹೆಸರು ಅಡ್ಡಹೆಸರಾಗಿ ಹಿಂದೆ ನಿಲ್ಲುವುದಿಲ್ಲ, ಒಂದೇ ಅಕ್ಷರವಾಗಿ ಮುಂದೆ ಕೂರುತ್ತದೆ. ಡಿ.ವಿ. ಗುಂಡಪ್ಪನವರ 'ಡಿ' ದೇವನಹಳ್ಳಿ, ಅವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಕೆ.ವಿ. ಪುಟ್ಟಪ್ಪನವರ 'ಕೆ' ಕುಪ್ಪಳಿ. ಅಲ್ಲೂ ಊರು ಹೆಸರಿನಲ್ಲೇ ಇದೆ, ಆದರೆ ಮತದಾರರ ಪಟ್ಟಿಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ನದಿ ದಾಟಿ ಹರಿಹರಕ್ಕೋ ದಾವಣಗೆರೆಗೋ ಹೋದ ಮನೆಯೊಂದರ ಅಡ್ಡಹೆಸರು ಎರಡು ತಲೆಮಾರಿನಲ್ಲಿ ಒಂದು ಅಕ್ಷರಕ್ಕೆ ಇಳಿದಿರಬಹುದು. ಪೂರ್ವಕ್ಕೆ ಯಲಬುರ್ಗಾ, ಕೊಪ್ಪಳ ಕಡೆ 1948ರವರೆಗೆ ನಿಜಾಮರ ಆಡಳಿತ, ಅಲ್ಲಿನ ಹಳೆಯ ಕಂದಾಯದ ಕಾಗದ ಉರ್ದುವಿನಲ್ಲಿ. ಹಾಗಾಗಿ ನಾವು ನಕ್ಷೆಯ ಮೇಲೆ ಹಳೆಯ ಗಡಿಗಳನ್ನು ಗೆರೆ ಎಳೆದು ತೋರಿಸಿದೆವು. ಗಡಿಯ ಆಚೆ ಬರಿದಾಗಿದ್ದರೆ ಅದನ್ನು 'ಇಲ್ಲ' ಎಂದು ಓದಬಾರದು, 'ಈ ಸಾಮಗ್ರಿಯಲ್ಲಿ ಕಾಣುವುದಿಲ್ಲ' ಎಂದು ಓದಬೇಕು. ಬಳೆಯ ನಡುವಿನ ಬರಿದು ಬೇರೆ ಥರದ್ದು. ಅದರ ನಾಲ್ಕೂ ಕಡೆ ಒಂದೇ ಆಡಳಿತ, ಒಂದೇ ಥರದ ದಾಖಲೆ, ಆದರೂ ಒಳಗೆ ಮನೆ ಇಲ್ಲ.

ಬೇಚರಾಕ್ ಊರು

ಬಳೆಯ ನಡುವೆ ಏನಿದೆ ಎಂದು ನೋಡಲು ಮಾಸ್ತರ ಮಗಳು ಫೋನಿನಲ್ಲಿ ದಿಶಾಂಕ್ ಆಪ್ ತೆರೆದಳು. ನಿಂತ ಜಾಗದ ಸರ್ವೆ ನಂಬರು, ಊರು, ಹೋಬಳಿ ತೋರಿಸುವ ಕಂದಾಯ ಇಲಾಖೆಯ ಆಪ್ ಅದು. ಬರೀ ಹೊಲ, ಒಂದೂ ಮನೆ ಇಲ್ಲದ ಜಾಗ. ಊರು ಎಂಬಲ್ಲಿ ಅವರದೇ ಅಡ್ಡಹೆಸರು ಬಂತು.

ಕಂದಾಯದವರ ಭಾಷೆಯಲ್ಲಿ ಇದಕ್ಕೆ ಬೇಚರಾಕ್ ಗ್ರಾಮ ಅನ್ನುತ್ತಾರೆ, ಜನವಸತಿ ಇಲ್ಲದ ಊರು. ಜನ ಬಿಟ್ಟು ಹೋದರೂ ಊರಿನ ಎಲ್ಲೆ ಉಳಿಯುತ್ತದೆ, ಸರ್ವೆ ನಂಬರು ಉಳಿಯುತ್ತದೆ, ಪಹಣಿ ಅದೇ ಊರಿನ ಹೆಸರಿನಲ್ಲಿ ಬರುತ್ತಲೇ ಇರುತ್ತದೆ. ಇದೇನೂ ಅಪರೂಪವಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಹಳ್ಳಿಗಳ ಪೈಕಿ ಜನ ಇದ್ದದ್ದು 27,397ರಲ್ಲಿ. ಉಳಿದ 1,943 ಊರುಗಳಿಗೆ ಹೆಸರಿದೆ, ಎಲ್ಲೆ ಇದೆ, ಜನ ಇಲ್ಲ. ರಸ್ತೆ ನಕ್ಷೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಇವು ಇರುವುದಿಲ್ಲ. ಊರಿನ ಹೆಸರಿನ ಅಡ್ಡಹೆಸರಿಟ್ಟುಕೊಂಡು ಊರು ಸಿಗಲಿಲ್ಲ ಎನ್ನುವವರು ಜನಗಣತಿಯ ಹಳ್ಳಿ ಪಟ್ಟಿಯನ್ನೂ ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳನ್ನೂ ಮೊದಲು ನೋಡಬೇಕು.

ಜಾಗಕ್ಕೆ ಹೋದಾಗ ಪಕ್ಕದ ಊರಿನವರಿಗೆ ಎಲ್ಲವೂ ಗೊತ್ತಿತ್ತು. ಆ ಹೊಲಗಳನ್ನು ಅವರೇ ಉಳುತ್ತಾರೆ. ಅವರು ಅದನ್ನು ಹಾಳೂರು ಅನ್ನುತ್ತಾರೆ. ಹಳೆಯ ಗಾವಠಾಣದ, ಅಂದರೆ ಮನೆಗಳಿದ್ದ ಜಾಗದ ದಿಬ್ಬ ಇದೆ. ಬೂದಿ ಮಣ್ಣು ಗೊಬ್ಬರಕ್ಕೆ ಒಳ್ಳೆಯದು ಎಂದು ಹೊತ್ತು ಹೊತ್ತು ದಿಬ್ಬ ತಗ್ಗಿದೆ, ಮಡಕೆ ಚೂರು ಕಾಲಿಗೆ ಸಿಗುತ್ತವೆ. ಹಣಮಪ್ಪನ ಗುಡಿಯೊಂದು ನಿಂತಿದೆ, ಶನಿವಾರ ಪೂಜೆ ಆಗುತ್ತದೆ. ಪಕ್ಕದ ಊರಿನ ಎರಡು ಮನೆತನದವರು ತಾವೂ ಮೂಲದಲ್ಲಿ ಹಾಳೂರಿನವರೇ ಅಂದರು, ಆದರೆ ಅವರ ಅಡ್ಡಹೆಸರು ಬೇರೆ. ಇಷ್ಟು ಹತ್ತಿರ ಬಂದು ನೆಲೆಸಿದವರನ್ನು ಊರು ಹಿಡಿದು ಗುರುತಿಸುವ ಅಗತ್ಯ ಯಾರಿಗೂ ಬಿದ್ದಿಲ್ಲ.

ಊರು ಯಾಕೆ ಖಾಲಿಯಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಪ್ಲೇಗು ಅಂದರು, ದರೋಡೆ ಅಂದರು, ಶಾಪ ಅಂದರು. ಪಾಳು ಊರುಗಳ ಬಗ್ಗೆ ಎಲ್ಲ ಕಡೆ ಕೇಳುವ ಮಾತು ಇವು. 1876ರಿಂದ 1878ರ ದೊಡ್ಡ ಬರ ಈ ಸೀಮೆಯನ್ನು ಹಿಂಡಿದ್ದು ನಿಜ. ಬಾದಾಮಿ, ಬಾಗಲಕೋಟೆ ಆಗ ಕಲಾದಗಿ ಜಿಲ್ಲೆಯಲ್ಲಿದ್ದವು, ಆ ಜಿಲ್ಲೆಯ ಜನಸಂಖ್ಯೆ 1872 ಮತ್ತು 1881ರ ಗಣತಿಗಳ ನಡುವೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. 1898ರಲ್ಲಿ ಹುಬ್ಬಳ್ಳಿ ಕಡೆ ಪ್ಲೇಗು ಬಂದದ್ದೂ ನಿಜ. ಆದರೆ ಹಳೆಯ ಹಕ್ಕು ದಾಖಲೆಗಳಲ್ಲಿ ಕಂಡದ್ದು ಬೇರೆ. ಖಾತೆದಾರರ ಹೆಸರಿನ ಮುಂದೆ ವಾಸದ ಊರು ಬದಲಾಗುತ್ತ ಹೋಗಿತ್ತು, ಒಂದು ಮನೆ ಈ ಕಡೆ, ಒಂದು ಮನೆ ಆ ಕಡೆ, ಬಹಳ ವರ್ಷ. ಒಂದೇ ಏಟಿಗೆ ಖಾಲಿಯಾದ ಊರು ಹೀಗೆ ಕಾಣುವುದಿಲ್ಲ.

ಹೆಳವರ ಪುಸ್ತಕ

ಜಾಗ ಸಿಕ್ಕ ಮೇಲೂ ಒಂದು ಸಂಶಯ ಉಳಿದಿತ್ತು. ಬಳೆಯ ನಡುವಿನ ಊರಿಗೂ ಮಾಸ್ತರ ಮನೆಗೂ ನೇರ ಕೊಂಡಿ ಯಾವುದು? ಹೆಸರೂ ಹರಡಿಕೆಯೂ ಹೊಂದುತ್ತವೆ, ಆದರೆ ಈ ಮನೆಯೇ ಅಲ್ಲಿಂದ ಬಂತು ಎನ್ನಲು ಅಷ್ಟು ಸಾಲದು.

ನಮ್ಮ ಕಡೆ ಇದಕ್ಕೆ ಹೆಳವರಿದ್ದಾರೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಒಕ್ಕಲು ಮನೆಗಳ ಮುಂದೆ ವಂಶಾವಳಿ ಹೇಳಿ ಕಾಳುಕಡಿ ಪಡೆದು ಹೋಗುತ್ತಿದ್ದವರು. ಈಗ ಪುಸ್ತಕ ಇಟ್ಟುಕೊಂಡಿರುತ್ತಾರೆ, ಗಾಡಿಯಲ್ಲಿ ಬರುತ್ತಾರೆ. ಹುಬ್ಬಳ್ಳಿಗೆ ಬಂದ ಮೇಲೆ ಮಾಸ್ತರ ಮನೆಗೆ ಹೆಳವರು ಬರುವುದು ನಿಂತಿತ್ತು, ಹಳ್ಳಿಯ ಅಣ್ಣತಮ್ಮಂದಿರ ಮನೆಗೆ ಬರುತ್ತಿದ್ದರು.

ಅವರನ್ನು ಕಾಣುವ ಮೊದಲು ಒಂದು ನಿಯಮ ಮಾಡಿಕೊಂಡೆವು. ನಮಗೆ ಸಿಕ್ಕಿದ್ದನ್ನು ಅವರಿಗೆ ಹೇಳಬಾರದು. ಬೇಚರಾಕ್ ಊರಿನ ಮಾತೇ ಎತ್ತಬಾರದು. ಅವರು ಹೇಳುವಷ್ಟು ಹೇಳಲಿ, ಆಮೇಲೆ ಹೋಲಿಸೋಣ. ಹಿರಿಯರನ್ನು ಕೇಳುವಾಗಲೂ ಇದೇ ಸರಿ. "ನೀವು ಇಂಥ ಊರಿನವರು ಹೌದಲ್ಲವೇ" ಎಂದು ಕೇಳಿದರೆ ಪ್ರೀತಿಗೋ ಸಂಕೋಚಕ್ಕೋ ಹೌದು ಎಂದುಬಿಡುತ್ತಾರೆ.

ಹೆಳವರು ಅಜ್ಜನಿಂದ ಮೇಲಕ್ಕೆ ಹೆಸರು ಹೇಳುತ್ತ ಹೋದರು. ಬೆಡಗು ಹೇಳಿದರು, ಮನೆದೇವರು ಹೇಳಿದರು, ಮೂಲಸ್ಥಳ ಎಂದು ಆ ಊರಿನ ಹೆಸರನ್ನೇ ಹೇಳಿದರು, ಹಣಮಪ್ಪನ ಗುಡಿಯ ಸಮೇತ. ಬಿಟ್ಟು ಬಂದದ್ದು ಯಾಕೆ ಎಂದರೆ "ನೀರಿಗೆ" ಅಂದರು. ಅಲ್ಲಿನ ಬಾವಿಗಳ ನೀರು ಸವಳು, ಕೆರೆ ಒಣಗಿದ ವರ್ಷ ಒಂದೊಂದೇ ಮನೆ ಎದ್ದಿತು ಎನ್ನುವುದು ಅವರ ಪಾಠದಲ್ಲಿ ಬರುವ ಮಾತು. ಎರಿ ಭೂಮಿಯಲ್ಲಿ ಕುಡಿಯುವ ನೀರಿನ ಕಷ್ಟ ಗೊತ್ತಿದ್ದವರಿಗೆ ಇದು ಹೊಸದಲ್ಲ. ಹಕ್ಕು ದಾಖಲೆಯಲ್ಲಿ ಕಂಡ ನಿಧಾನದ ಖಾಲಿಯಾಗುವಿಕೆಗೆ ಇದು ಪ್ಲೇಗಿಗಿಂತ ಚೆನ್ನಾಗಿ ಹೊಂದುತ್ತದೆ. ಅವರು ಹೇಳಿದ ತಲೆಮಾರುಗಳ ಸಂಖ್ಯೆ ಮಾತ್ರ ಕಾಗದದ ಲೆಕ್ಕಕ್ಕಿಂತ ಜಾಸ್ತಿ ಇತ್ತು. ಎರಡನ್ನೂ ಪಕ್ಕ ಪಕ್ಕ ಬರೆದಿಟ್ಟೆವು, ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಲಿಲ್ಲ.

ಮುಸ್ಲಿಂ ಮನೆಗೆ ಹೆಳವರಿಲ್ಲ. ಅಲ್ಲಿ ಕೊಂಡಿ ಸಿಕ್ಕಿದ್ದು ಪಂಜಾಗಳಲ್ಲಿ, ಮೊಹರಂನಲ್ಲಿ ಹೊರುವ ಕೈಯಾಕಾರದ ಲಾಂಛನಗಳಲ್ಲಿ. ಅವರ ಹಿರಿಯರು ಊರು ಬಿಡುವಾಗ ಹಾಳೂರಿನ ಮಸೂತಿಯ ಪಂಜಾಗಳನ್ನು ಹೊತ್ತು ತಂದಿದ್ದರು, ಈಗಿನ ಊರಿನಲ್ಲಿ ಅವನ್ನು ಇವತ್ತಿಗೂ ಹಾಳೂರು ಪಂಜಾ ಅನ್ನುತ್ತಾರೆ. ಮಾಸ್ತರು ಆ ಮನೆಗೆ ಹೋಗಿ ಬಂದರು. ಎರಡೂ ಮನೆಯ ಹಿರಿಯರು ಒಂದೇ ಬಾವಿಯ ಹೆಸರು ಹೇಳಿದರು, ಯಾರೂ ಹೇಳಿಕೊಡದೆ.

ಎಲ್ಲಿಗೆ ನಿಲ್ಲಿಸಿದೆವು

ವಿಜಯಪುರದ ಗುಂಪಿನವರನ್ನೂ ಮಾತನಾಡಿಸಿದೆವು. ಅವರ ಮನೆದೇವರು ಬೇರೆ, ಹೆಳವರು ಬೇರೆ, ಅವರ ಹೆಸರು ಬಂದದ್ದು ಅಲ್ಲಿನ ಜನ ಇರುವ ಹಳ್ಳಿಯಿಂದಲೇ. ಅಂದರೆ ಒಂದೇ ಅಡ್ಡಹೆಸರಿಗೆ ಎರಡು ಊರು, ಎರಡು ಹುಟ್ಟು. ಮೊದಲು ಸಿಕ್ಕ ಊರಿಗೇ ಒಪ್ಪಿಕೊಂಡಿದ್ದರೆ ಮಾಸ್ತರ ಮನೆಯವರು ತಮಗೆ ಸಂಬಂಧವೇ ಇಲ್ಲದ ಜಾತ್ರೆಗೆ ಹೋಗುತ್ತಿದ್ದರು.

ಕಲ್ಯಾಣ ಚಾಲುಕ್ಯರ ಕಾಲದ ಒಂದು ಶಾಸನದಲ್ಲಿ ಈ ಹೆಸರನ್ನು ಹೋಲುವ ಊರಿನ ಹೆಸರಿದೆ ಎಂದು ಮಾಸ್ತರ ಸ್ನೇಹಿತರೊಬ್ಬರು ತೋರಿಸಿದರು. ಮನೆತನಕ್ಕೆ ಎಂಟು ನೂರು ವರ್ಷದ ಇತಿಹಾಸ ಎಂದು ಬರೆಯುವ ಆಸೆ ಯಾರಿಗಿರುವುದಿಲ್ಲ? ಆದರೆ ಊರು ಹಳೆಯದು ಎಂದ ಮಾತ್ರಕ್ಕೆ ಅಲ್ಲಿಂದ ಎದ್ದು ಬಂದ ಮನೆ ಅಷ್ಟು ಹಳೆಯದು ಎಂದಾಗುವುದಿಲ್ಲ. ಅಡ್ಡಹೆಸರು ಹುಟ್ಟಿದ್ದು ಊರು ಬಿಟ್ಟ ಮೇಲೆ. ಶಾಸನದ ಮಾತನ್ನು ಊರಿನ ಪುಟದಲ್ಲಿ ಬರೆದರು, ಮನೆಯ ಪುಟದಲ್ಲಿ ಬರೆಯಲಿಲ್ಲ.

ಹೆಸರು ಬರೆಯುವ ರೀತಿಯ ಬಗ್ಗೆ ಮನೆಯಲ್ಲಿ ಪೂರ್ತಿ ಒಪ್ಪಂದ ಆಗಿಲ್ಲ. ಮಾಸ್ತರು, ಮಗಳು ಕನ್ನಡದ ಕಾಗದಗಳಲ್ಲಿ 'ಳ' ಮಾಡಿಸಿಕೊಳ್ಳುತ್ತಿದ್ದಾರೆ. ಪುಣೆಯ ತಮ್ಮ 'ಕರ್' ಇಟ್ಟುಕೊಂಡಿದ್ದಾನೆ, ಅವನ ಮಕ್ಕಳ ಎಲ್ಲ ದಾಖಲೆ ಹಾಗೇ ಇವೆ. ಅದೂ ಈ ಹೆಸರಿನ ಚರಿತ್ರೆಯ ಒಂದು ತುಂಡೇ, ಸೊಲ್ಲಾಪುರದ ತುಂಡು. ಅದನ್ನು ಒರೆಸುವ ಅಗತ್ಯ ನನಗೆ ಕಾಣಲಿಲ್ಲ, ಮಾಸ್ತರಿಗೂ ಹಾಗೇ ಅನಿಸಿತು.

ಈಗ ಅವರ ಕಡತದಲ್ಲಿ ಒಂದೊಂದು ಮನೆಗೆ ಒಂದೊಂದು ಹಾಳೆ ಇದೆ. ಈಗಿನ ಊರು, ಹಿಂದಿನ ಊರು, ಮನೆದೇವರು, ಅತಿ ಹಳೆಯ ಕಾಗದದಲ್ಲಿ ಹೆಸರಿನ ರೂಪ, ಯಾರು ಹೇಳಿದರು ಎಂಬ ಕಾಲಮ್ಮುಗಳು. ಎರಡು ಹಾಳೆ ಅರ್ಧಕ್ಕೆ ನಿಂತಿವೆ. ಒಂದು ಯಲಬುರ್ಗಾ ಕಡೆಯ ಮನೆಯದು, ಅದರ ಹಳೆಯ ಕಾಗದ ಓದಲು ಉರ್ದು ಬಲ್ಲವರು ಬೇಕು. ಇನ್ನೊಂದು ತುಂಗಭದ್ರೆಯ ಆಚೆ ಹಡಗಲಿ ಕಡೆಯ ಮನೆಯದು, 1953ರವರೆಗೆ ಮದ್ರಾಸಿಗೆ ಸೇರಿದ್ದ ಸೀಮೆ. ಆ ಮನೆಯವರ ಇನಿಶಿಯಲ್ ಇದೇ ಹೆಸರಿನ ಮೊದಲ ಅಕ್ಷರ. ಅವರ ಹಳೆಯ ಲಗ್ನಪತ್ರಿಕೆಗಳನ್ನು ಮಾಸ್ತರ ಮಗಳು ಕೇಳಿ ತರಿಸುತ್ತಿದ್ದಾಳೆ. ಮನೆದೇವರು ಯಾರೆಂದು ಅದರಲ್ಲಿ ಸಿಕ್ಕರೆ ಆ ಹಾಳೆ ಯಾವ ಕಡೆ ಸೇರುತ್ತದೆ ಎಂದು ಹೇಳಬಹುದು.